ಹಿಂದಿನ ಚಕ್ರದಲ್ಲಿ ಚೆಂಡುಹೂವು

ಬೈಕ್ ಇರುವ ಸ್ನೇಹಿತರೆಲ್ಲ ಕೇಳಿ, ಇವತ್ತು ನಮ್ಮ ಮನೆಯ ಬೈಕನ್ನು ನಾನೇ ರಿಪೇರಿ ಮಾಡಿದೆ!

ಆಯುಧಪೂಜೆ ಆದಾಗಿನಿಂದ ಹಿಂದಿನ ಚಕ್ರ ಕರಕರ ಅನ್ನುತ್ತಿತ್ತು. ಬೆಳಿಗ್ಗೆ ತೊಗರ್ಸಿಯಿಂದ ಬರುವಾಗ ದಾರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಬೇರಿಂಗ್ ಹೋಗೈತಿ. ಶಿಕಾರಿಪುರಕ್ಕೆ ಒಯ್ದು ಬಿಚ್ಚಿಸ್ಬೇಕು,” ಅಂದರು ನಮ್ಮ ಯಜಮಾನರು.

“ತಡೀರಿ, ಒಂದ್ಸಲ ನಾನು ನೋಡ್ತೀನಿ.”

“ಇದೇನು ಕುಕ್ಕರಾ, ಗ್ಯಾಸ್ಕೆಟ್ ಹಾಕಿದ್ರೆ ಸರಿಹೋಗಾಕೆ?”

ರೋಷ ಬಂತು. ಡಬಲ್ ಸ್ಟ್ಯಾಂಡ್ ಹಾಕಿ, ಗೋಣಿಚೀಲ ಹಾಸಿಕೊಂಡು ಕೂತೆ. ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸುತ್ತ ಬಗ್ಗಿ ನೋಡಿದರೆ, ಅದರ ನಡುವೆ ನೈಲಾನ್ ದಾರ ಬಿಗಿಯಾಗಿ ಸುತ್ತಿಕೊಂಡಿದೆ! ದಾರದಲ್ಲಿ ಒಣಗಿದ ಚೆಂಡುಹೂವು. ಪೂಜೆಯ ದಿನ ಕ್ಯಾರಿಯರ್‌ಗೆ ಕಟ್ಟಿದ್ದ ಹಾರ ಜಾರಿ ಚಕ್ರಕ್ಕೆ ಸಿಕ್ಕಿತ್ತು. ಬ್ಲೇಡಿನಿಂದ ಕೊಯ್ದು, ಇಕ್ಕಳದಲ್ಲಿ ಎಳೆದು ತೆಗೆದೆ. ಚಕ್ರ ಸದ್ದಿಲ್ಲದೆ ತಿರುಗಿತು. ಯಜಮಾನರೂ ಸದ್ದಿಲ್ಲದೆ ಒಳಗೆ ಹೋದರು.

ಆ ಹಾರ ಕಟ್ಟಿದವರು ನಮ್ಮತ್ತೆ. ಬೇಸರ ಮಾಡಿಕೊಳ್ಳುತ್ತಾರೇನೋ ಅಂದುಕೊಂಡೇ ದಾರ ತೋರಿಸಿದೆ. ಅವರು ಅದನ್ನು ಜಗ್ಗಿ ಜಗ್ಗಿ ನೋಡಿದರು.

“ಚಕ್ರಕ್ಕೆ ಸಿಕ್ರೂ ನನ್ ಗಂಟು ಒಂದೂ ಬಿಚ್ಚಿಲ್ಲ, ನೋಡವ್ವ!”

ರಿಪೇರಿ ಮಾಡಿದ ಹೆಮ್ಮೆ ನನ್ನದು, ಕೆಡಿಸಿದ ಹೆಮ್ಮೆ ಅವರದು.