ಕೆಡಿಸಿದವನೇ ಬಿಚ್ಚಬೇಕು

ಗುಡುಗಣ್ಣನ ಗಾಡಿಯನ್ನು ಗುಜರಿ ಎಂದವರು ಬಹಳ ಮಂದಿ. ಅವರಲ್ಲಿ ಅವನು ಇವತ್ತಿಗೂ ಕ್ಷಮಿಸದೆ ಇರುವುದು ಒಬ್ಬನನ್ನು ಮಾತ್ರ, ಹೆಂಡತಿಯ ತಮ್ಮನನ್ನು. ಬೇರೆಯವರಿಗೆ ಗಾಡಿಯ ವಿಷಯ ಏನೂ ಗೊತ್ತಿಲ್ಲ, ಬಾಯಿಗೆ ಬಂದದ್ದು ಅನ್ನುತ್ತಾರೆ. ಭಾವಮೈದ ಹಾಗಲ್ಲ, ಮೆಕ್ಯಾನಿಕ್ಕು. ಗೊತ್ತಿದ್ದೂ ಅಂದ. ಅದೂ ತನ್ನ ಗ್ಯಾರೇಜಿನಲ್ಲಿ, ಮೂರು ಜನ ಗಿರಾಕಿಗಳ ಮುಂದೆ. ಅವರಲ್ಲೊಬ್ಬ ನಕ್ಕ. ಏಳು ವರ್ಷವಾದರೂ ಆ ನಕ್ಕವನ ಅಂಗಿಯ ಬಣ್ಣ ಗುಡುಗಣ್ಣನಿಗೆ ನೆನಪಿದೆ.

ಗುಡುಗಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಅದು ಅವನ ಬಾಯಿಗೆ ಇಟ್ಟದ್ದೋ ಅವನ ಪಿಕಪ್ಪಿನ ಸೈಲೆನ್ಸರಿಗೆ ಇಟ್ಟದ್ದೋ ಎಂಬುದರಲ್ಲಿ ಎರಡು ಅಭಿಪ್ರಾಯಗಳಿವೆ. ಪಿಕಪ್ಪಿಗೆ ಇಪ್ಪತ್ತಾರು ವರ್ಷ. ನಾಲ್ಕೂ ಚಕ್ರ ಎಳೆಯುವ ಗಾಡಿ. ಊರ ಹಿಂದಿನ ಗುಡ್ಡದ ತುದಿಯಲ್ಲಿ ಒಂದು ಟವರ್ ಇದೆ, ಟವರಿನ ಬುಡದಲ್ಲಿ ಒಂದು ಜನರೇಟರ್ ಇದೆ, ಜನರೇಟರಿಗೆ ಡೀಸೆಲ್ ಬೇಕು. ವಾರಕ್ಕೆ ಎರಡು ಸಲ ನಾಲ್ಕು ಡ್ರಮ್ ಡೀಸೆಲ್ ಮೇಲೆ ಸಾಗಿಸುವುದು ಗುಡುಗಣ್ಣನ ಕೆಲಸ. ಹದಿನಾಲ್ಕು ವರ್ಷದಿಂದ ಅದೇ ಕೆಲಸ, ಅದೇ ಗಾಡಿ.

ಗಾಡಿಯನ್ನು ಅವನು ಗ್ಯಾರೇಜಿಗೆ ಬಿಡುವವನಲ್ಲ. ಬಚ್ಚಲುಮನೆಗೂ ಕಾಂಪೌಂಡಿಗೂ ನಡುವೆ ತಗಡಿನ ಮಾಡು ಹಾಕಿಕೊಂಡಿದ್ದಾನೆ, ರಿಪೇರಿಯೆಲ್ಲ ಅಲ್ಲೇ. ಎಡಗಡೆ ಬಾಗಿಲಿನ ಹಿಡಿ ಹಳೇ ಬೀರುವಿನದು. ಕಿಟಕಿ ಗಾಜು ಇಳಿಸಲು ಹದಿಮೂರರ ಪಾನಾ ಬೇಕು, ಅದು ಸದಾ ಸೀಟಿನ ಮೇಲೇ ಇರುತ್ತದೆ, ತಿಳಿಯದೆ ಕೂತವರಿಗೆ ತಿಳಿಯುತ್ತದೆ. ಬಿಚ್ಚಿದ ಸಾಮಾನನ್ನು ಬಣ್ಣದ ಡಬ್ಬಿಗಳಲ್ಲಿ ಹಾಕಿಡುತ್ತಾನೆ. ಡಬ್ಬಿಯ ಮೇಲೆ ಯಾವುದರದೆಂದು ಬರೆದಿಡಿ ಎಂದು ಹೆಂಡತಿ ಹೇಳಿ ನೋಡಿದಳು. ಬರೆಯುವವನು ಮರೆಯುವವನು ಎಂಬಂತೆ ಅವಳ ಮುಖವನ್ನು ನೋಡಿದ. ಏನು ಜೋಡಿಸಿದರೂ ಕೊನೆಗೆ ಒಂದೆರಡು ಸಾಮಾನು ಉಳಿಯುವುದುಂಟು. ಕಂಪನಿಯವರು ಲೆಕ್ಕ ತಪ್ಪಿ ಹೆಚ್ಚಿಗೆ ಹಾಕಿರುತ್ತಾರೆ ಎಂಬುದು ಅವನ ಸಿದ್ಧಾಂತ. ಗಾಡಿ ಓಡುತ್ತಿತ್ತು, ಆದ್ದರಿಂದ ಸಿದ್ಧಾಂತವೂ ನಿಂತಿತ್ತು.

ಏಳು ವರ್ಷದ ಹಿಂದೆ ಒಂದು ಭಾನುವಾರ ಅವನು ಮುಂದಿನ ಎರಡೂ ಚಕ್ರದ ಬೇರಿಂಗು ಬಿಚ್ಚಿ ಗ್ರೀಸ್ ತುಂಬಿದ. ಮರುದಿನ, ಗುಡ್ಡಕ್ಕೆ ಹೋಗುವ ಮೊದಲೇ, ಬ್ರೇಕು ಕಿರುಗುಟ್ಟಿತು. ಸೊಂಟ ಹಿಡಿದುಕೊಂಡಿದ್ದರಿಂದ ಬೇರೆ ದಾರಿ ಕಾಣದೆ ಭಾವಮೈದನ ಹತ್ತಿರ ಬ್ರೇಕ್ ಪ್ಯಾಡ್ ಹಾಕಿಸಿದ. ಅದಾದ ಮೇಲೆ ಗುಡ್ಡ ಹತ್ತುವಾಗ ಮುಂದಿನ ಚಕ್ರ ಎಳೆಯುವುದನ್ನು ನಿಲ್ಲಿಸಿತು. ಕೊನೆಗೆ ಕೈಯಿಟ್ಟವನು ಯಾರು? ಭಾವಮೈದ. ಗುಡುಗಣ್ಣ ನೇರ ಗ್ಯಾರೇಜಿಗೆ ಹೋಗಿ ನಿಂತ.

"ನನ್ನ ಗಾಡಿ ಒಳಗಿನ ಸಾಮಾನು ಏನೋ ಎತ್ತಿದ್ದೀಯ ನೀನು."

"ನಾನು ಚಕ್ರ ಬಿಚ್ಚಿ ಪ್ಯಾಡ್ ಹಾಕಿದ್ದು ಅಷ್ಟೇ ಭಾವ. ಚಕ್ರದ ನಡುವಿನ ಹಬ್ ಮುಟ್ಟೇ ಇಲ್ಲ."

"ಹಾಗಾದ್ರೆ ಚಕ್ರ ಯಾಕೆ ಎಳೀತಿಲ್ಲ? ಅದಕ್ಕೂ ಸೊಂಟ ಹಿಡ್ಕೊಂಡಿದೆಯಾ?"

"ನೋಡಿ ಭಾವ, ನಿಮ್ಮ ಗಾಡಿ ಸಾಮಾನು ನಾನೇನು ಮಾಡ್ಕೊಳ್ಳಿ? ಅದು ಗುಜರಿ. ಗುಜರಿಯವನೂ ಯೋಚನೆ ಮಾಡಿ ತಗೋಬೇಕು."

ಆಗಲೇ ಆ ಮನುಷ್ಯ ನಕ್ಕದ್ದು. ಗುಡುಗಣ್ಣ ಕಳ್ಳ ಎಂಬ ಮಾತನ್ನು ಎರಡು ಸಲ ಆಡಿ, ಬೀದಿಗೆ ಇಳಿದು ಮೂರನೆಯ ಸಲವೂ ಆಡಿ, ಮನೆಗೆ ಬಂದ. ಅಂದಿನಿಂದ ಅವನಿದ್ದಾಗ ಭಾವಮೈದ ಆ ಮನೆಯ ಹೊಸಿಲು ತುಳಿದಿಲ್ಲ. ಹೆಂಡತಿ ತಾನೇ ಆಗಾಗ ತಮ್ಮನ ಮನೆಗೆ ಹೋಗಿ ಬರುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಇವನು ಕೇಳುತ್ತಿರಲಿಲ್ಲ, ಅವಳು ಹೇಳುತ್ತಲೂ ಇರಲಿಲ್ಲ.

ಎಲ್ಲವನ್ನೂ ತಾನೇ ಬಿಚ್ಚುವ ಮನುಷ್ಯ ಆ ಹಬ್ಬನ್ನು ಮಾತ್ರ ಏಳು ವರ್ಷ ಯಾಕೆ ಬಿಚ್ಚಲಿಲ್ಲ ಎಂದು ಎದುರು ಮನೆಯ ಟೈಲರ್ ಒಮ್ಮೆ ಕೇಳಿದ್ದುಂಟು. "ಕೆಡಿಸಿದವನೇ ಬಿಚ್ಚಬೇಕು," ಎಂದು ಉತ್ತರ ಬಂತು. ಅದು ಹಟವಲ್ಲ, ನ್ಯಾಯ. ನ್ಯಾಯಕ್ಕೆ ಕಾಯುತ್ತ ಗುಡುಗಣ್ಣ ಹಿಂದಿನ ಎರಡೇ ಚಕ್ರದಲ್ಲಿ ಗುಡ್ಡ ಹತ್ತಿದ. ಹಿಡಿತ ಸಿಗಲೆಂದು ಡ್ರಮ್ಮುಗಳ ಹಿಂದೆ ಮೂರು ಕಲ್ಲು ಹೇರಿಕೊಂಡು ಹೋಗುತ್ತಿದ್ದ. ಕಲ್ಲುಗಳೂ ಏಳು ವರ್ಷ ಹತ್ತಿ ಇಳಿದವು.

ಈ ವರ್ಷದ ಮಳೆಗೆ ಗುಡ್ಡದ ದಾರಿ ಕೊಚ್ಚಿಹೋಯಿತು. ಮೂರನೆಯ ತಿರುವಿನಲ್ಲಿ ಒಂದು ಮೊಳ ಆಳದ ಕೊರಕಲು. ಸೋಮವಾರ ಅಲ್ಲಿ ಪಿಕಪ್ ಸಿಕ್ಕಿಕೊಂಡಿತು. ಹಿಂದಿನ ಚಕ್ರ ಮಣ್ಣನ್ನು ತೋಡಿತು, ಮುಂದಿನದು ನೆಂಟರ ಹಾಗೆ ಸುಮ್ಮನೆ ಕೂತಿತು. ಟವರಿನ ಸೂಪರ್‌ವೈಸರ್ ಇನ್ನೊಂದು ಗಾಡಿ ತರಿಸಿ ಎಳೆಸಿದ. ಸಣ್ಣ ವಯಸ್ಸಿನವನು, ಮೆತ್ತಗೆ ಮಾತಾಡುವವನು. ಮೆತ್ತಗೆ ಮಾತಾಡುವವರ ಮುಂದೆ ಗುಡುಗಣ್ಣನಿಗೆ ಏನು ಮಾಡಬೇಕೆಂದು ತೋಚುವುದಿಲ್ಲ.

"ನಾಲ್ಕು ಚಕ್ರದ ಗಾಡಿ ಅಂತ ಬರೆಸಿದ್ದೀರಿ ಅಣ್ಣ."

"ನಾಲ್ಕೂ ಇದೆಯಲ್ಲ, ಎಣಿಸ್ಕೊಳ್ಳಿ."

"ಎಳೆಯೋದು ಎರಡೇ ಅಲ್ವಾ? ಶನಿವಾರ ಬೆಳಗ್ಗೆ ಡ್ರಮ್ ತುಂಬ್ಕೊಂಡು ಈ ತಿರುವು ಹತ್ತಿ ತೋರಿಸಿ. ಆಗಲಿಲ್ಲ ಅಂದ್ರೆ ಬೇರೆ ಗಾಡಿ ಗೊತ್ತುಮಾಡ್ತೀನಿ. ಬೇಜಾರು ಮಾಡ್ಕೋಬೇಡಿ."

ಗುಡ್ಡದ ಕೆಲಸ ಹೋದರೆ ಆ ಗಾಡಿಗೆ ಊರಲ್ಲಿ ಬೇರೆ ಕೆಲಸವಿಲ್ಲ. ಗಾಡಿ ಇಲ್ಲದೆ ಗುಡುಗಣ್ಣನಿಗೂ ಇಲ್ಲ. ಎರಡು ದಿನ ಅನ್ನದ ತಟ್ಟೆಯ ಮುಂದೆ ಯಾರನ್ನೂ ಬಯ್ಯದೆ ಕೂತ. ಹೆಂಡತಿಗೆ ನಿಜಕ್ಕೂ ಭಯವಾಯಿತು.

ಗುರುವಾರ ಬೆಳಗ್ಗೆ ನ್ಯಾಯವನ್ನು ಸದ್ಯಕ್ಕೆ ಬದಿಗಿಟ್ಟು ಬಲಗಡೆ ಚಕ್ರಕ್ಕೆ ಜಾಕ್ ಕೊಟ್ಟ. ಟೈಲರ್ ತನ್ನ ಮಿಷನ್ನನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಕೂತ. ಅವನಿಗೆ ಅವತ್ತು ಬೇರೆ ಕೆಲಸ ಇರಲಿಲ್ಲವೆಂದಲ್ಲ.

"ಅಣ್ಣ, ಕೆಡಿಸಿದವರು ಬರಲಿಲ್ವಾ?"

"ನಿನ್ನ ಗುಂಡಿ ನೀನು ಹೊಲಿ."

ಚಕ್ರದ ನಡುವೆ ಹಬ್ಬಿನ ಮೇಲೆ ಒಂದು ತಿರುಗಣೆ ಇರುತ್ತದೆ. ಗುಡ್ಡ ಹತ್ತುವ ಮೊದಲು ಇಳಿದು ಅದನ್ನು ತಿರುಗಿಸಬೇಕು. ಆಗ ಒಳಗಿರುವ ಒಂದು ಹಲ್ಲಿನ ರಿಂಗು ಸರಿದು, ಇಂಜಿನ್ನಿನ ಕಡೆಯ ಶಾಫ್ಟನ್ನೂ ಚಕ್ರವನ್ನೂ ಒಂದಕ್ಕೊಂದು ಕಚ್ಚಿಸುತ್ತದೆ. ಎರಡು ಕಡೆಯಲ್ಲಿ ಒಂದು ಕಡೆ ಕಚ್ಚದಿದ್ದರೂ ಮುಂದಿನ ಬಲವೆಲ್ಲ ಅತ್ತಲೇ ಹರಿದು ಶಾಫ್ಟು ಸುಮ್ಮನೆ ಸುತ್ತುತ್ತದೆ, ಎರಡು ಚಕ್ರವೂ ಅಲ್ಲಾಡುವುದಿಲ್ಲ. ಏಳು ವರ್ಷ ವಾರಕ್ಕೆರಡು ಸಲ ಗುಡುಗಣ್ಣ ಗುಡ್ಡದ ಬುಡದಲ್ಲಿ ಇಳಿದು ಎರಡೂ ತಿರುಗಣೆಗಳನ್ನು ತಪ್ಪದೆ ತಿರುಗಿಸಿದ್ದ. ನ್ಯಾಯ ಬೇರೆ, ಪದ್ಧತಿ ಬೇರೆ.

ಮುಚ್ಚಳ ತೆಗೆದ. ಗ್ರೀಸ್ ಇತ್ತು, ಸ್ಪ್ರಿಂಗ್ ಇತ್ತು. ರಿಂಗು ಇರಲಿಲ್ಲ.

ಗುಡುಗಣ್ಣ ಎದ್ದು ನಿಂತು ಮೊದಲ ಬಾರಿಗೆ ಆ ವಾರ ನಕ್ಕ. ಶನಿವಾರದ ಚಿಂತೆ ಒಂದು ಗಳಿಗೆ ಮರೆತೇಹೋಯಿತು. ಏಳು ವರ್ಷದ ಮಾತು ಇವತ್ತು ಸಾಬೀತಾಯಿತು. ಹೆಂಡತಿಯನ್ನು ಕೂಗಿದ. ಅವಳು ಬರುವಷ್ಟರಲ್ಲಿ ಎಡಗಡೆಯ ಹಬ್ಬನ್ನೂ ಬಿಚ್ಚಿ, ಅದರೊಳಗಿನ ರಿಂಗನ್ನು ಚಿಂದಿಯಲ್ಲಿ ಒರೆಸಿ ಹಿಡಿದು ನಿಂತಿದ್ದ.

"ಬಾ ಇಲ್ಲಿ. ನೋಡು. ಈ ಕಡೆ ಇದೆ, ಆ ಕಡೆ ಇಲ್ಲ. ಇಂಥದ್ದೇ ಇನ್ನೊಂದನ್ನ ನಿನ್ನ ತಮ್ಮ ಎತ್ತಿದ್ದು. ನಾನು ಬಾಯಿ ಬಡ್ಕೊಂಡೆ, ಯಾರಾದ್ರೂ ಕೇಳಿದ್ರಾ?"

ಹೆಂಡತಿ ಅದನ್ನು ಕೈಗೆ ತೆಗೆದುಕೊಂಡಳು. ಅಂಗೈಯಗಲ, ಒಳಸುತ್ತಿಗೂ ಹೊರಸುತ್ತಿಗೂ ಹಲ್ಲು. ತಿರುಗಿಸಿ ಮುರುಗಿಸಿ ನೋಡಿದಳು. ವಾಪಸು ಕೊಟ್ಟು ಒಳಗೆ ಹೋದಳು. ಅಡುಗೆಮನೆಯಲ್ಲಿ ಹಾಲನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದ ಸದ್ದು ಕೇಳಿತು. ಮತ್ತೆ ಬಂದಾಗ ಅವಳ ಕೈಯಲ್ಲಿ ಅಂಗೈಯಗಲದ ರಿಂಗು ಇತ್ತು, ಒಳಗೂ ಹೊರಗೂ ಹಲ್ಲು. ಹಾಲು ಉಕ್ಕಿ ಸುರಿದು ಒಂದು ಕಡೆ ಕಂದಾಗಿತ್ತು. ಅದು ಬಿಟ್ಟರೆ ಎರಡೂ ಅಕ್ಕತಂಗಿಯರಂತಿದ್ದವು.

"ಎಲ್ಲಿತ್ತು ಇದು?"

"ಹಾಲಿನ ಪಾತ್ರೆ ಕೆಳಗೆ."

"ಅಲ್ಲಿಗೆ ಯಾರು ತಂದಿಟ್ರು?"

"ನೀವೇ. ಗ್ರೀಸ್ ಹಾಕಿದ ಭಾನುವಾರ. ಕಂಪನಿಯವರು ಹೆಚ್ಚಿಗೆ ಹಾಕಿದ್ದಾರೆ, ತೊಳೆದು ಬಿಸಿ ಪಾತ್ರೆ ಇಟ್ಕೋ ಅಂದ್ರಿ. ಪಾತ್ರೆ ಅಲ್ಲಾಡಲ್ಲ, ಚೆನ್ನಾಗಿದೆ ಅಂತ ನಾನೂ ಇಟ್ಕೊಂಡೆ."

ಗುಡುಗಣ್ಣ ಆ ರಿಂಗನ್ನು ನೋಡಿದ. ಏಳು ವರ್ಷ ದಿನಾ ಬೆಳಗ್ಗೆ ಅದರ ಪಕ್ಕದಲ್ಲೇ ನಿಂತು ಟೀ ಕುಡಿದಿದ್ದ, ಕುಡಿಯುತ್ತ ಭಾವಮೈದನನ್ನು ಬೈದಿದ್ದ.

"ಏನಾಯ್ತು ಅಣ್ಣ?" ಟೈಲರ್ ಕಿಟಕಿಯಿಂದ ಕೇಳಿದ.

"ಸಾಮಾನು ಸಿಕ್ತು."

"ಎಲ್ಲಿತ್ತಂತೆ?"

"ಒಳಗೇ ಇತ್ತು," ಎಂದ ಗುಡುಗಣ್ಣ. ಅದು ಸುಳ್ಳಲ್ಲ.

ರಿಂಗು ಸಿಕ್ಕಿದರೆ ಸಾಲದು. ಅದು ಹೊರಗೆ ಜಾರದಂತೆ ಹಿಡಿಯುವ ಸಣ್ಣ ಲಾಕು ಒಂದಿದೆ, ಒಡೆದ ಬಳೆಯಂಥ ತಂತಿ. ಆವತ್ತು ಬಿಚ್ಚಿದಾಗ ಅದು ಯಾವ ಡಬ್ಬಿಗೆ ಹೋಯಿತೋ. ಹನ್ನೊಂದು ಡಬ್ಬಿ ಸುರಿದು ನೋಡಿದ. ಪೇಟೆಯ ಎರಡು ಅಂಗಡಿ ತಿರುಗಿದ. ಒಬ್ಬ ಗಾಡಿಯ ವಯಸ್ಸು ಕೇಳಿ ತಲೆಯಾಡಿಸಿದ, ಇನ್ನೊಬ್ಬ ವಯಸ್ಸು ಎರಡು ಸಲ ಕೇಳಿದ. ಅಂಥ ಹಳೇ ಲಾಕುಗಳನ್ನು ಕೂಡಿಟ್ಟುಕೊಂಡವನು ಊರಿಗೆಲ್ಲ ಒಬ್ಬನೇ. ಯಾರೆಂದು ಹೇಳುವುದೇ ಬೇಡ.

"ನಾನು ಹೋಗಿ ತರ್ತೀನಿ," ಎಂದಳು ಹೆಂಡತಿ. "ಆದ್ರೆ ಒಂದು. ತಪ್ಪಾಯ್ತು ಅನ್ನೋ ಮಾತು ನೀವೇ ಆಡ್ಬೇಕು. ಕಳ್ಳ ಅಂದಿದ್ದೀರಿ ಅವನನ್ನ. ಅದಕ್ಕೆ ನಾನು ಹೋದ್ರೆ ಆಗಲ್ಲ."

"ಆಡಲ್ಲ ಅಂದ್ನಾ ನಾನು? ಶನಿವಾರ ಗುಡ್ಡ ಹತ್ತಿ ಇಳಿದು ನೇರ ಅಲ್ಲಿಗೇ ಹೋಗ್ತೀನಿ."

"ಹೂಂ. ಹೇಳಿದ್ದು ನೆನಪಿರ್ಲಿ."

ಮಧ್ಯಾಹ್ನ ಅವಳು ಕಾಗದದಲ್ಲಿ ಸುತ್ತಿದ ಲಾಕು ತಂದು ಕೊಟ್ಟಳು. ಗುಡುಗಣ್ಣ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದ. ಅಳತೆ ಸರಿಯಾಗಿತ್ತು. ಅದೂ ಅವನಿಗೆ ಹಿಡಿಸಲಿಲ್ಲ.

"ಏನಂದ?"

"ಹಾಲಿನ ಪಾತ್ರೆ ಕೆಳಗಿದ್ದದ್ದು ಸಿಕ್ತಾ ಅಕ್ಕಾ ಅಂದ."

"ಅವನಿಗೆ ಹೇಗೆ ಗೊತ್ತು?"

"ನೀವು ಜಗಳ ಆಡಿ ಬಂದ ಮಾರನೇ ದಿನ ಇಲ್ಲಿಗೆ ಬಂದಿದ್ದ, ಸಮಾಧಾನ ಮಾಡೋಣ ಅಂತ. ನೀವು ಗುಡ್ಡಕ್ಕೆ ಹೋಗಿದ್ರಿ. ಟೀ ಕುಡಿಯುವಾಗ ನೋಡಿದ್ದಾನೆ."

"ನೋಡಿದವನು ಬಾಯಿ ಬಿಡೋಕೆ ಏನಾಗಿತ್ತು? ಏಳು ವರ್ಷ ಕಲ್ಲು ಹೊತ್ತಿದ್ದೀನಿ ನಾನು."

"ನಾನೂ ಅದನ್ನೇ ಕೇಳ್ದೆ. ಹೇಳಿದ್ರೆ ನಾನೇ ತಂದು ಅಲ್ಲಿ ಇಟ್ಟೆ ಅಂತಿದ್ರು ಭಾವ, ಅಂದ."

ಗುಡುಗಣ್ಣ ಲಾಕು ಹಿಡಿದು ಹಬ್ಬಿನ ಮುಂದೆ ಕೂತ. ಅಂತಿದ್ದದ್ದು ಹೌದು.

ಶನಿವಾರ ಬೆಳಗ್ಗೆ ಡ್ರಮ್ ಹೇರಿ, ಕಲ್ಲುಗಳನ್ನು ಇಳಿಸಿ ಬಚ್ಚಲಿನ ಗೋಡೆಗೆ ಒರಗಿಸಿ ಹೊರಟ. ಸೂಪರ್‌ವೈಸರ್ ಮೂರನೆಯ ತಿರುವಿನಲ್ಲಿ ಕೈಕಟ್ಟಿ ನಿಂತಿದ್ದ. ಗುಡ್ಡದ ಬುಡದಲ್ಲೇ ತಿರುಗಣೆಗಳನ್ನು ತಿರುಗಿಸಿದ್ದಾಗಿತ್ತು, ಆದರೂ ತಿರುವಿನ ಕೆಳಗೆ ನಿಲ್ಲಿಸಿ ಇಳಿದು ಇನ್ನೊಮ್ಮೆ ಮುಟ್ಟಿ ನೋಡಿದ. ಸಣ್ಣ ಗೇರು ಹಾಕಿ ಕ್ಲಚ್ ಬಿಟ್ಟ. ಹಿಂದಿನ ಚಕ್ರ ಒಮ್ಮೆ ಜಾರಿತು. ಮುಂದಿನದು ಕೊರಕಲಿನ ಅಂಚನ್ನು ಹಿಡಿದು, ಏಳು ವರ್ಷ ನಿದ್ದೆ ಮಾಡಿ ಎದ್ದವರ ಹಾಗೆ ನಿಧಾನಕ್ಕೆ ಎಳೆಯಿತು. ಕೈಯೊಳಗೆ ಸ್ಟಿಯರಿಂಗ್ ನಡುಗಿತು. ಗಾಡಿ ಮೂತಿ ಎತ್ತಿ, ಮೇಲೆ ಬಂದು, ನಿಂತಿತು. ಎಡಗಡೆ ಬಾಗಿಲು ತಾನಾಗಿ ತೆರೆದುಕೊಂಡಿತು, ಅದು ಅದರ ಅಭ್ಯಾಸ.

"ಎಳೀತು ಅಣ್ಣ," ಎಂದ ಸೂಪರ್‌ವೈಸರ್. "ಬುಧವಾರ ಮಾಮೂಲಿ ಬನ್ನಿ."

ಡೀಸೆಲ್ ಇಳಿಸಿ ಗುಡುಗಣ್ಣ ಹೇಳಿದಂತೆ ನೇರ ಗ್ಯಾರೇಜಿಗೆ ಬಂದ. ಒಂದು ವ್ಯಾನಿನ ಕೆಳಗಿನಿಂದ ಎರಡು ಕಾಲು ಚಾಚಿಕೊಂಡಿದ್ದವು. ಸೈಲೆನ್ಸರಿನ ಸದ್ದಿಗೇ ಕಾಲುಗಳಿಗೆ ಗುರುತು ಸಿಕ್ಕಿತು.

"ಹತ್ತಿತಾ ಭಾವ?"

"ಹತ್ತಿತು."

ಕೆಳಗೆ ಪಾನಾ ತಿರುಗುವ ಸದ್ದು ನಿಂತಿತು. ಗುಡುಗಣ್ಣ ಗಂಟಲು ಸರಿಮಾಡಿಕೊಂಡ. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡೇ ಬಂದಿದ್ದ, ಒಂದೂ ಉಳಿಯದ ಹಾಗೆ. ಅಷ್ಟರಲ್ಲಿ ಅವನ ಕಣ್ಣು ಗ್ಯಾರೇಜಿನ ಬೆಂಚಿನ ಮೇಲೆ ಬಿತ್ತು. ನೀಲಿ ಅಂಗಿ ತೊಟ್ಟ ಗಿರಾಕಿಯೊಬ್ಬ ಪೇಪರ್ ಓದುತ್ತ ಕೂತಿದ್ದ. ಅವತ್ತು ನಕ್ಕವನಲ್ಲ, ಇವನು ಯಾರೋ ಬೇರೆ. ಅಂಗಿ ಮಾತ್ರ ಅದೇ ನೀಲಿ. ಗುಜರಿ ಎಂಬ ಮಾತು ಕಿವಿಯಲ್ಲಿ ಈಗ ತಾನೇ ಅಂದಂತೆ ಕೇಳಿತು. ಕಳ್ಳ ಅಂದದ್ದು ತಪ್ಪೇ, ಒಪ್ಪಿದ. ಆದರೆ ಗುಜರಿ ಅಂದದ್ದನ್ನು ಯಾರು ವಾಪಸು ತೆಗೆದುಕೊಂಡರು?

"ಜಾಕ್ ನೆಟ್ಟಗೆ ಕೊಟ್ಟಿಲ್ಲ ನೀನು," ಎಂದ ಗುಡುಗಣ್ಣ. "ಚಕ್ರಕ್ಕೆ ಕಲ್ಲೂ ಇಟ್ಟಿಲ್ಲ. ಮೈಮೇಲೆ ಬಿದ್ರೆ ನಿನ್ನಕ್ಕನಿಗೆ ಯಾರು ಹೇಳೋದು?"

ತಾನೇ ಒಂದು ಕಲ್ಲು ಹುಡುಕಿ ತಂದು ವ್ಯಾನಿನ ಹಿಂದಿನ ಚಕ್ರಕ್ಕೆ ಒತ್ತಿ ಇಟ್ಟ. ಕಲ್ಲು ಇಡುವುದರಲ್ಲಿ ಅವನಿಗೆ ಅಭ್ಯಾಸವಿತ್ತು. ಗಾಡಿ ಹತ್ತಿ ಮನೆಗೆ ಹೋದ.

ಮರುದಿನ ಭಾವಮೈದ ಅಕ್ಕನ ಕೈಯಲ್ಲಿ ಹಾಲಿನ ಪಾತ್ರೆಗೆಂದು ಒಂದು ಸ್ಟ್ಯಾಂಡ್ ಕಳಿಸಿದ. ಹಳೇ ಬೇರಿಂಗಿನ ಹೊರಬಳೆಗೆ ಮೂರು ಬೋಲ್ಟು ಬೆಸೆದು ಕಾಲು ಮಾಡಿದ್ದ.

ಇದಾಗಿ ಎರಡು ತಿಂಗಳು. ಗುಡ್ಡಕ್ಕೆ ಹೋಗುವಾಗ ಗ್ಯಾರೇಜಿನ ಮುಂದೆ ಗುಡುಗಣ್ಣ ಒಂದು ಸಲ ಹಾರ್ನ್ ಹಾಕುತ್ತಾನೆ. ಒಳಗಿನಿಂದ ಭಾವಮೈದ ತಲೆಯೆತ್ತದೆ ಕೈಯೆತ್ತುತ್ತಾನೆ. ಹಾರ್ನ್ ಲೆಕ್ಕಕ್ಕೆ ಬರುವುದಿಲ್ಲ ಎಂದು ಹೆಂಡತಿ ಹೇಳಿದ್ದಾಳೆ. ಅವಳ ಪ್ರಕಾರ ಮಾತು ಇನ್ನೂ ಬಾಕಿ ಇದೆ. ಗುಡುಗಣ್ಣ ಇಲ್ಲವೆನ್ನುವುದಿಲ್ಲ.

ಆ ಸ್ಟ್ಯಾಂಡಿನ ಮೂರು ಕಾಲಲ್ಲಿ ಒಂದು ಗಿಡ್ಡ. ಹಾಲು ತುಂಬಿದ ಪಾತ್ರೆ ಕಿಟಕಿಯ ಕಡೆಗೆ ಸ್ವಲ್ಪ ವಾಲುತ್ತದೆ. ಉಳಿದೆರಡು ಕಾಲನ್ನು ಅರದಲ್ಲಿ ಉಜ್ಜಿದರೆ ಐದು ನಿಮಿಷದ ಕೆಲಸ, ಅರವೂ ಮನೆಯಲ್ಲೇ ಇದೆ. ಹೆಂಡತಿ ಕೇಳಿ ಕೇಳಿ ಬಿಟ್ಟಳು. ಅವನು ಮುಟ್ಟುವುದಿಲ್ಲ. ಕೆಡಿಸಿದವನು ಬಂದು ಸರಿಮಾಡಲಿ ಎನ್ನುತ್ತಾನೆ.