ಎಳೆದು ನೋಡುವ ಡಾಕ್ಟರು

ನಾಯಿಗಳ ಕರುಳು ಹೊಲಿಯುವ ನಮ್ಮ ಡಾಕ್ಟರಿಗೆ ಎಲ್ಲಿ ಹೊಲಿಗೆ ಕಂಡರೂ ಒಮ್ಮೆ ಎಳೆದು ನೋಡದಿದ್ದರೆ ಸಮಾಧಾನವಿಲ್ಲ. ದಿಂಬಿನ ಅಂಚು, ತರಕಾರಿ ಚೀಲದ ಹಿಡಿ, ಎದುರು ನಿಂತು ಮಾತಾಡುವವರ ಕೋಟಿನ ಗುಂಡಿ, ಯಾವುದನ್ನೂ ಬಿಟ್ಟವರಲ್ಲ. ಕಾಲುಚೀಲವನ್ನೋ ಚೆಂಡನ್ನೋ ನುಂಗಿ ಬಂದ ನಾಯಿಯ ಕರುಳು ಕೊಯ್ದು ಹೊಲಿದ ಮೇಲೆ ಅದರೊಳಗೆ ಉಪ್ಪುನೀರು ತುಂಬಿ ಒತ್ತಿ ನೋಡುತ್ತಾರೆ; ಒಂದು ಹನಿ ಸೋರದಿದ್ದರೂ ನಂಬಿಕೆಯಿಲ್ಲ. "ಬಿಗಿ ಮಾಡಿದ್ರೆ ಕರುಳು ಸಾಯತ್ತೆ, ಸಡಿಲ ಬಿಟ್ರೆ ಸೋರತ್ತೆ. ಗಾಯ ಕೂಡೋ ಮೊದಲೇ ನೂಲು ಕರಗಿಬಿಟ್ರೆ?" ಎಂದು ಗೊಣಗುತ್ತ ಬೋನಿನ ಮುಂದೆ ಕಾಲು ಸುಟ್ಟ ಬೆಕ್ಕಿನ ಹಾಗೆ ಸುತ್ತುತ್ತಾರೆ, ನಾಯಿ ಮಲಗಿದಲ್ಲಿಂದಲೇ ಅವರನ್ನು ಕನಿಕರದಿಂದ ನೋಡುತ್ತದೆ. ಅದು ಕಕ್ಕಸು ಮಾಡುವವರೆಗೆ ಇವರ ಗಂಟಲಲ್ಲಿ ತುತ್ತು ಇಳಿಯದು. ಮಾಡಿತೋ, ತಕ್ಷಣ ಮನೆಗೆ ಫೋನು: "ಮಾಡ್ತು ಕಣೇ, ಊಟಕ್ಕೆ ಹಾಕು!" ಹೋದ ತಿಂಗಳು ಹೆಂಡತಿಗೇ ಕರುಳಿನ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ನರ್ಸ್ ಹೊಟ್ಟೆಯ ಮೇಲಿನ ಪಟ್ಟಿ ಬಿಚ್ಚಿದಾಗ ನಮ್ಮ ಡಾಕ್ಟರ ಕೈ ತಾನಾಗಿ ಹೊಲಿಗೆಯತ್ತ ಹೋಯಿತು, ಅರ್ಧದಲ್ಲೇ ನಿಂತಿತು. "ಏನ್ರೀ, ಎಳೆದು ನೋಡಲ್ವಾ?" ಎಂದು ಆಕೆ ನರಳುತ್ತಲೇ ನಕ್ಕಳು. ಡಾಕ್ಟರು ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೆ ತಮ್ಮ ಭಾರವನ್ನೆಲ್ಲ ಹಾಕಿ ಕೂತುಬಿಟ್ಟರು.