ಗೂಡಿನ ವಾಸನೆಯ ಕಾರು

ನಮ್ಮಪ್ಪನ ಅಂಬಾಸಡರ್ ಕಾರನ್ನು ನೋಡಿದವರೆಲ್ಲ ಹೇಳುವ ಮೊದಲ ಮಾತು, "ಒಂದು ಪೈಂಟ್ ಹೊಡ್ಸಿಬಿಡಿ ಮೇಡಂ." ಕೇಳಿ ಕೇಳಿ ಸಾಕಾಗಿದೆ. ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ಹೇಳಿದ, ಚಿಂತಾಮಣಿಯ ನೆಂಟರು ಹೇಳಿದರು. ನಂದಿಯ ಕಡೆ ಮದುವೆ ಜೋಡಿಗಳ ಫೋಟೊ ತೆಗೆಯುವವನೊಬ್ಬ ಹುಡುಕಿಕೊಂಡು ಬಂದು, ಕೆಂಪು ಬಣ್ಣ ಬಳಿಸಿದರೆ ಬಾಡಿಗೆಗೆ ತಗೊಳ್ತೀನಿ ಎಂದ. ಮೊದಮೊದಲು ಎಲ್ಲರಿಗೂ ವಿವರಿಸುತ್ತಿದ್ದೆ. ಕಾರ್ಖಾನೆಯಿಂದ ಬಂದ ಬಣ್ಣ ಒಂದೇ ಸಲ ಇರುವುದು, ಉಜ್ಜಿ ತೆಗೆದರೆ ಯಾವ ಪೈಂಟರೂ ಅದನ್ನು ಮರಳಿ ತರಲಾರ ಅಂತ. ಈಗ ಬಿಟ್ಟಿದ್ದೇನೆ. ವಾರವಿಡೀ ಗೌರಿಬಿದನೂರಿನ ಮಕ್ಕಳಿಗೆ ಪಾಠ ಹೇಳಿ, ಭಾನುವಾರ ಬಸ್ಸಿನ ಮೇಲೆ ಬಸ್ಸು ಹತ್ತಿ ಸಾದಲಿ ಹತ್ತಿರದ ನಮ್ಮೂರಿಗೆ ಬರುವವಳಿಗೆ, ಅಲ್ಲೂ ಪಾಠ ಹೇಳುವ ತ್ರಾಣ ಎಲ್ಲಿಂದ ಬರಬೇಕು?

ಆ ಕಾರು ಮೆರೆಯುವುದಕ್ಕೆ ಕೊಂಡದ್ದಲ್ಲ. ಅಪ್ಪ ರೇಷ್ಮೆ ಹುಳು ಸಾಕುತ್ತಿದ್ದರು. ಬೆಳೆ ಬಂದಾಗ ಹಿಂದಿನ ಸೀಟು ಕಳಚಿ ಜಗುಲಿಯ ಮೇಲಿಟ್ಟು, ಗೂಡಿನ ಚೀಲಗಳನ್ನು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಿದ್ದರು. ಅಕ್ಕಪಕ್ಕದವರ ಗೂಡೂ ಅದರಲ್ಲೇ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಮೇಲೆ ಕಟ್ಟಿ ತಂದು ತಂದು ಟಾಪಿನ ತುಂಬ ಗೀರುಗಳು. ಪ್ರತಿ ಆಯುಧಪೂಜೆಗೂ ಅಮ್ಮ ಒಂದೇ ಜಾಗದಲ್ಲಿ ಕುಂಕುಮವಿಟ್ಟದ್ದಕ್ಕೆ ಬಾನೆಟ್ಟಿನ ಮೇಲೊಂದು ಗುಂಡನೆಯ ಕಲೆ. ಡ್ರೈವರ್ ಬದಿಯ ಕಿಟಕಿಯಲ್ಲಿ ಅಪ್ಪನ ಮೊಣಕೈ ಊರುತ್ತಿದ್ದ ಕಡೆ ಬಣ್ಣವೇ ಇಲ್ಲ, ಬರೀ ತಗಡು.

ಇವೆಲ್ಲಕ್ಕಿಂತ ಹೆಚ್ಚಿನದು ವಾಸನೆ. ಹಸಿ ಗೂಡಿನ ವಾಸನೆ ಹೊರಗಿನವರಿಗೆ ನಾತ. ನಮಗೆ ಅದು ಬೆಳೆ ಕೈಗೆ ಹತ್ತಿತು ಅನ್ನುವ ಸುದ್ದಿ. ಅಪ್ಪ ತೀರಿಕೊಂಡ ಮೇಲೆ ಕಾರು ಶೆಡ್ಡಿನಲ್ಲೇ ನಿಂತಿತು. ನಾನು ಊರಿಗೆ ಬಂದಾಗಲೆಲ್ಲ ಅದರ ಬಾಗಿಲು ತೆಗೆದು ಸ್ವಲ್ಪ ಹೊತ್ತು ಕೂರುತ್ತಿದ್ದೆ. ಗೂಡು, ಬೀಡಿ, ಬೆವರು ಎಲ್ಲ ಸೇರಿದ ಆ ವಾಸನೆಯಲ್ಲಿ ಅಪ್ಪ ಇದ್ದರು, ಅಷ್ಟೇ.

ಒಮ್ಮೆ ಬೆಂಗಳೂರಿನಿಂದ ಹಳೇ ಕಾರುಗಳ ಹುಚ್ಚಿನವರೊಬ್ಬರು ಬಂದಿದ್ದರು. ಸುತ್ತು ಹಾಕಿ, ಬಗ್ಗಿ ನೋಡಿ, "ಏನೂ ಮುಟ್ಟಬೇಡಿ ಮೇಡಂ, ಇದರ ಧೂಳೂ ಒರಿಜಿನಲ್" ಎಂದರು. ಕಡೆಗೂ ನನ್ನ ಭಾಷೆ ಬರುವವರೊಬ್ಬರು ಸಿಕ್ಕರಲ್ಲ ಅಂದುಕೊಂಡೆ. ಟೀ ಮುಗಿಯುವಷ್ಟರಲ್ಲಿ, ನನಗೇ ಕೊಟ್ಟುಬಿಡಿ, ಚೆನ್ನಾಗಿ ನೋಡ್ಕೊಳ್ತೀನಿ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅವರನ್ನೂ ಬಸ್ ಸ್ಟ್ಯಾಂಡಿನ ದಾರಿ ತೋರಿಸಿ ಕಳಿಸಿದೆ.

ಅವರ ಧೂಳಿನ ಮಾತೇ ಮುಂದೆ ಮನೆಯಲ್ಲಿ ಜಗಳವಾಯಿತು. ಕಾರಿನ ಶೆಡ್ಡಿನ ಗೋಡೆಗೆ ಅಂಟಿಕೊಂಡೇ ಹುಳು ಮನೆ. ಈಗ ಹುಳು ಸಾಕುವವನು ನನ್ನ ತಮ್ಮ. ನಿಜವಾಗಿ ಸಾಕುವವಳು ಅವನ ಹೆಂಡತಿ. ಸೆಕೆಗೆ ಗಾಳಿಯಾಡಲೆಂದು ಹೋದ ವರ್ಷ ನಡುವಿನ ಗೋಡೆಗೆ ಕಿಟಕಿ ಇಡಿಸಿದರು. ಆಮೇಲೆ ಬೆಳೆ ಮೇಲೆ ಬೆಳೆ ಹಾಲು ರೋಗಕ್ಕೆ ಹೋಯಿತು. ಹುಳು ಕೊನೆಯ ಸಲ ಪೊರೆ ಬಿಡುವ ನಾಲ್ಕನೇ ಜ್ವರವೂ ದಾಟಿ, ಇನ್ನೇನು ಹಣ್ಣಾಗಬೇಕು ಅನ್ನುವಾಗ ಹುಳುಗಳು ಊದಿಕೊಂಡು ಒಡೆಯುತ್ತಿದ್ದವು. ಆ ಭಾನುವಾರ ನಾನು ಬಂದಾಗ ಅವಳು ಸತ್ತ ಹುಳುಗಳನ್ನು ಗುಂಡಿಗೆ ಹಾಕಿ ಸುಣ್ಣ ಚೆಲ್ಲುತ್ತಿದ್ದಳು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಹುಳ ಕೆಡ್ತಿರೋದು ಆ ಕಾರಿಂದಾನೇ. ಒಳ್ಗೆಲ್ಲ ಹಳೇ ಗೂಡಿನ ಧೂಳು. ಊರೋರ ಗೂಡೆಲ್ಲ ಅದ್ರಲ್ಲೇ ಸಾಗ್ಸಿದ್ರು ಮಾವ. ಯಾರ್ ಮನೆ ರೋಗ ಕೂತಿದ್ಯೋ ಏನೋ."

"ಕಿಟಕಿ ಮುಚ್ಚಿಸ್ರಮ್ಮ."

"ಮುಚ್ಚಿದ್ರೆ ಸೆಕೆಗೆ ಸಾಯ್ತವೆ. ಒಂದೋ ಬ್ಲೀಚಿಂಗ್ ಹಾಕಿ ಒಳಗೆಲ್ಲ ತೊಳೀಬೇಕು, ಇಲ್ಲಾ ಕಾರು ಆಚೆ ನಿಲ್ಸಬೇಕು. ಹೊಸಾ ಮೊಟ್ಟೆ ತರೋಕ್ ಮುಂಚೆ ಆಗ್ಬೇಕು ಅಷ್ಟೇ."

ತಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತ, ನಮ್ಮಿಬ್ಬರ ಕಡೆಗೂ ನೋಡದೆ ನಿಂತಿದ್ದ. ಆಚೆ ನಿಲ್ಲಿಸಿದರೆ ನಮ್ಮ ಬಿಸಿಲು ಆ ಬಣ್ಣವನ್ನು ಉಳಿಸುವುದಿಲ್ಲ. ತೊಳೆದರೆ ವಾಸನೆ ಹೋಗುತ್ತದೆ. ನನಗೆ ಕೋಪ ಬಂತು, ಅವಳು ಹೇಳಿದ್ದು ಸರಿಯಾಗಿತ್ತು ಅನ್ನುವುದಕ್ಕೇ ಹೆಚ್ಚು ಬಂತು. ಹುಳು ಮನೆಯಲ್ಲಿ ಹಳೆಯದು ಅಂದರೆ ರೋಗ. ಒಂದು ಬೆಳೆ ಮುಗಿದರೆ ತಟ್ಟೆ, ಗೋಡೆ, ನೆಲ ಎಲ್ಲ ತೊಳೆದು, ಹಿಂದಿನದರ ಸುಳಿವೂ ಇಲ್ಲದ ಹಾಗೆ ಮಾಡಿಯೇ ಮುಂದಿನದು. ನಾನೂ ಅದೇ ಮನೆಯಲ್ಲಿ ಬೆಳೆದವಳು. ವಾರಕ್ಕೊಮ್ಮೆ ಬಂದು ವಾಸನೆ ನೋಡಿ ಹೋಗುವವಳು ನಾನು, ಹುಳುವಿನ ಜೊತೆ ಏಳುತ್ತ ಮಲಗುತ್ತ ಬದುಕುವವಳು ಅವಳು.

ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ನಾನೇ ತೊಳೆದೆ. ಹೊರಗಿನ ಬಣ್ಣಕ್ಕೆ ಒಂದು ಹನಿ ತಾಗದ ಹಾಗೆ ಚೀಲ ಹೊದಿಸಿ, ಮೂಗಿಗೆ ಸೆರಗು ಕಟ್ಟಿಕೊಂಡು, ಸೀಟಿನ ಸ್ಪ್ರಿಂಗುಗಳ ಸಂದಿಯಿಂದ ಗೂಡಿನ ನೂಲೆಳೆಗಳನ್ನು ಬಿಡಿಸಿ ಬಿಡಿಸಿ ಬಕೆಟ್ಟಿಗೆ ಹಾಕಿದೆ. ಅಳು ಬಂತು. ಬ್ಲೀಚಿಂಗ್ ಕಣ್ಣಿಗೆ ಹೋಯ್ತೇನಕ್ಕ ಅಂತ ತಮ್ಮ ನೀರು ತಂದ. ಬೈಯುವುದಕ್ಕೂ ಶಕ್ತಿಯಿರಲಿಲ್ಲ, ಮುಖ ತೊಳೆದುಕೊಂಡೆ. ಸಂಜೆಗೆ ಬಾಗಿಲು ತೆಗೆದು ನೋಡಿದರೆ ಆಸ್ಪತ್ರೆಯ ವಾಸನೆ. ಆಮೇಲೆ ಊರಿಗೆ ಬಂದರೂ ನಾನು ಶೆಡ್ಡಿನ ಕಡೆ ಹೋಗಲಿಲ್ಲ.

ಆ ಸಲ ಬೆಳೆ ಚೆನ್ನಾಗಿ ಬಂತು. ನೋಡಿದ್ರಾ, ನಾನ್ ಹೇಳ್ಲಿಲ್ವಾ ಎಂದು ಅವಳು ಒಂದು ಮಾತೂ ಆಡಲಿಲ್ಲ. ಗೂಡು ಮಾರುಕಟ್ಟೆಗೆ ಹೋದ ಮೇಲಿನ ಭಾನುವಾರ ನಾನು ಬಂದು ಚೀಲ ಇಳಿಸುವ ಮೊದಲೇ ಕೈ ಹಿಡಿದು ಶೆಡ್ಡಿಗೆ ಕರೆದೊಯ್ದಳು. ಕಾರಿನ ಗಾಜುಗಳೆಲ್ಲ ಏರಿದ್ದವು. ಹಿಂದಿನ ಸೀಟಿನ ಮೇಲೆ ಬುಟ್ಟಿ ತುಂಬ ಹಳದಿ ಗೂಡು.

"ಮಾರೋಕ್ ಕಳಿಸ್ದೆ ಇಷ್ಟು ಎತ್ತಿಟ್ಟಿದ್ದೆ. ಮೊನ್ನೆಯಿಂದ ಇಟ್ಟಿದೀನಿ. ರೋಗ ಇಲ್ದಿರೋ ಗೂಡು, ಹೆದ್ರಬೇಡಿ. ಮಾವನ ಕಾರಿನ ವಾಸ್ನೆ ಮತ್ತೆ ಬರತ್ತೇನೋ ಅಂತ."

ಡ್ರೈವರ್ ಸೀಟಿನಲ್ಲಿ ಕೂತೆ. ಅಪ್ಪನ ಹಾಗೆ ಮೊಣಕೈ ಊರಲೆಂದು ಹಿಡಿ ತಿರುಗಿಸಿ ಗಾಜು ಇಳಿಸಿ, ಆ ತಗಡಿನ ಮೇಲೆ ಕೈಯಿಟ್ಟೆ. ಇದು ಹೊಸ ಗೂಡಿನ ವಾಸನೆ. ಬೀಡಿ ಇಲ್ಲ, ಬೆವರಿಲ್ಲ, ಅಪ್ಪ ಇಲ್ಲ. ಹಳೇ ಕಾರಿಗೆ ಹೊಸ ಪೈಂಟ್ ಹೊಡೆಸುವುದು ಅಂದರೆ ಇದೇ. ಊರವರಿಗೆಲ್ಲ ಇಷ್ಟು ವರ್ಷ ಬೇಡ ಬೇಡ ಎಂದು ಹೇಳಿ ಸುಸ್ತಾದ ಮಾತು ನಾಲಗೆಯ ತುದಿಗೆ ಬಂದಿತ್ತು. ಅವಳು ಬಾಗಿಲು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬಂತಾ ಅತ್ತಿಗೆ?"

"ಬಂತಮ್ಮ" ಎಂದೆ.

ಅವಳು ತಟ್ಟೆ ತೊಳೆಯಬೇಕೆಂದು ಹೋದಳು. ಕಾರಿನ ಕಿಟಕಿಯಿಂದ ವಾಸನೆ ಆಚೆ ಹೋಗುತ್ತಿತ್ತು. ಬಾಗಿಲು ಎಳೆದುಕೊಂಡು ಗಾಜು ಏರಿಸಿದೆ.